ಪಿಸ್ತೂಲಿಗೆ ಉಡಿ ತುಂಬಿದ್ದು

ನನಗೊಂದು ಚಟವಿದೆ. ಖಾಲಿ ಡಬ್ಬಿ, ಬಾಟಲಿ, ಕೊಳವೆ, ಏನೇ ಕಂಡರೂ ಅದರೊಳಗೆ ಬಲಗೈಯ ಕಿರುಬೆರಳು ಹಾಕಿ ನೋಡುತ್ತೇನೆ. ಕಣ್ಣಿಗೆ ಖಾಲಿ ಕಂಡರೆ ಸಾಲದು, ಬೆರಳೂ ಹೌದೆನ್ನಬೇಕು. ಟಿಫಿನ್ ಡಬ್ಬಿ ತೊಳೆದು ಒರೆಸಿ ಇಟ್ಟ ಮೇಲೂ ಒಮ್ಮೆ ಬೆರಳಾಡಿಸುತ್ತೇನೆ. ಸ್ಕೂಟರಿನ ಪೆಟ್ರೋಲು ಟಾಕಿಗೂ ಹಾಕಿದ್ದುಂಟು. ರಾಮದುರ್ಗದಲ್ಲಿ ನಮ್ಮ ಬೀಗರ ಮನೆಯ ಮದುವೆಯಲ್ಲಿ ಪನ್ನೀರುದಾನಿ ಖಾಲಿಯಾಯಿತು ಎಂದು ಯಾರೋ ಕೂಗಿದ್ದೇ ತಡ, ಮುಚ್ಚಳ ಬಿಚ್ಚಿ ಬೆರಳು ತೂರಿಸಿದೆ. ಒಳಗೆ ಹೋದ ಬೆರಳು ಹೊರಗೆ ಬರಲಿಲ್ಲ. ಅಕ್ಷತೆ ಬೀಳುವ ಹೊತ್ತಿಗೆ ಎಲ್ಲರೂ ಕೈ ಎತ್ತಿದಾಗ ನಾನೂ ಎತ್ತಿದೆ, ಬೆಳ್ಳಿಯ ಪನ್ನೀರುದಾನಿ ಸಮೇತ. ಆ ಮದುವೆಯ ವಿಡಿಯೋದಲ್ಲಿ ವಧೂವರರಿಗಿಂತ ನಾನೇ ಎದ್ದು ಕಾಣುತ್ತೇನೆ.

“ಅದರಾಗ ಏನ್ ಹೂತಿಟ್ಟಾರಂತ ಹುಡಕತೀ?” ಎಂದು ನಮ್ಮ ಯಜಮಾನರು ಕೇಳುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಸೊನ್ನೆ ಬೇರೆ, ಸೊನ್ನೆಯ ಹಾಗೆ ಕಾಣುವುದು ಬೇರೆ ಎಂದು ಅವರ ಮೇಲೆ ಜೋರು ಮಾಡಿ ಬಾಯಿ ಮುಚ್ಚಿಸುತ್ತೇನೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಈ ಚಟ ನನಗೆ ಬಂದದ್ದು ಗಣಿತದಿಂದಲ್ಲ, ಪಿಸ್ತೂಲಿನಿಂದ.

ಗಾಬರಿಯಾಗಬೇಡಿ. ನಮ್ಮ ತವರು ಕಟಕೋಳದ ಕಡೆಯ ಒಕ್ಕಲುತನದ ಮನೆ. ಜೋಳ, ಕಡಲೆ, ಗೋವಿನಜೋಳ, ಎರಡು ಎಮ್ಮೆ. ಹೊಡೆದಾಟ ಬಡಿದಾಟದವರಲ್ಲ ನಾವು. ಪಿಸ್ತೂಲು ಬಂದದ್ದು ನಮ್ಮ ಅಜ್ಜನ ಹುಚ್ಚಿನಿಂದ. ಬೆಳಗಾವಿ ಕ್ಯಾಂಪಿನಲ್ಲಿ ಊರು ಬಿಟ್ಟು ಹೊರಟಿದ್ದ ಯಾವನೋ ಸಾಹೇಬ ಮನೆಯ ಸಾಮಾನೆಲ್ಲ ಹರಾಜಿಗಿಟ್ಟಿದ್ದನಂತೆ. ಎತ್ತು ಕೊಳ್ಳಲು ಹೋಗಿದ್ದ ಅಜ್ಜ ಒಂದು ತಿರುಗುವ ಕುರ್ಚಿ, ನಡೆಯದ ಒಂದು ಗಡಿಯಾರ ಮತ್ತು ಈ ಪಿಸ್ತೂಲು ಹಿಡಿದುಕೊಂಡು ಬಂದ. ಕುರ್ಚಿಯ ಮೇಲೆ ಆಮೇಲೆ ಹಾಲಿನ ಕೊಡ ಇಡುತ್ತಿದ್ದೆವು. ಗಡಿಯಾರ ಇವತ್ತಿಗೂ ನಾಲ್ಕೂಕಾಲು ತೋರಿಸುತ್ತದೆ. ಪಿಸ್ತೂಲಿಗೆ ಲೈಸನ್ಸ್ ಆಯಿತು, ಅಜ್ಜನ ತರುವಾಯ ಅಪ್ಪನ ಹೆಸರಿಗೆ ಬಂತು. ಅದು ನಮ್ಮ ಮನೆಗೆ ಬಂದ ಮೇಲೆ ಹಾರಿದ್ದು ಒಂದೇ ಒಂದು ಗುಂಡು. ಗೋವಿನಜೋಳಕ್ಕೆ ನುಗ್ಗಿದ್ದ ಕಾಡುಹಂದಿಯನ್ನು ಬೆದರಿಸಲು ಅಜ್ಜ ಹಾರಿಸಿದ್ದ. ಹಂದಿ ತಲೆ ಕೂಡ ಎತ್ತಲಿಲ್ಲವಂತೆ.

ಅಂಗೈಗಿಂತ ಸ್ವಲ್ಪ ದೊಡ್ಡದು, ಕಪ್ಪು ಬಣ್ಣ ಉಜ್ಜಿ ಉಜ್ಜಿ ಅಲ್ಲಲ್ಲಿ ಬೆಳ್ಳಗಾಗಿದ್ದ ಕಬ್ಬಿಣ. ಒಂದು ಗುಂಡು ಹಾರಿದ ಕೂಡಲೇ ಮುಂದಿನದನ್ನು ತಾನೇ ಒಳಗೆ ಎಳೆದುಕೊಳ್ಳುವ ಜಾತಿ. ಅಪ್ಪನಿಗೆ ಅದರ ಮೇಲೆ ಪ್ರೀತಿಯೇನೂ ಇರಲಿಲ್ಲ, ಹೆದರಿಕೆಯಿತ್ತು. ಹೆದರಿಕೆ ಇದ್ದುದರಿಂದಲೇ ಮನೆಯ ಎಲ್ಲರಿಗೂ ಅದನ್ನು ಖಾಲಿ ಮಾಡುವುದು ಗೊತ್ತಿರಬೇಕು ಎನ್ನುತ್ತಿದ್ದ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನನ್ನನ್ನೂ ತಮ್ಮ ಬಸುವನ್ನೂ ಪಡಸಾಲೆಯಲ್ಲಿ ಕೂರಿಸಿದ. ಎದುರಿಗೆ ಒಂದು ಬುಟ್ಟಿ ತುಂಬ ಉಸುಕು. ಬಸು ಪಿಸ್ತೂಲು ನೋಡುತ್ತಲೇ ಎಮ್ಮೆಗೆ ನೀರು ಕುಡಿಸುವ ನೆವ ಹೇಳಿ ಎದ್ದು ಹೋದ. ಉಳಿದವಳು ನಾನು.

ಪಾಠಕ್ಕೆ ನಿಜವಾದ ಗುಂಡು ಮುಟ್ಟಿಸುತ್ತಿರಲಿಲ್ಲ. ಬುಗುರಿ ಮಾಡುತ್ತಿದ್ದ ಬಡಿಗೇರ ಈರಪ್ಪನಿಗೆ ಹೇಳಿ ಅದೇ ಅಳತೆಯ ಮೂರು ಕಟ್ಟಿಗೆಯ ಗುಂಡು ಮಾಡಿಸಿದ್ದ. ಬುಗುರಿಗೆ ಹಚ್ಚುವ ಕೆಂಪು ಅರಗಿನ ಬಣ್ಣವನ್ನೇ ಈರಪ್ಪ ಅವಕ್ಕೂ ಹಚ್ಚಿದ್ದ. ನೋಡಿದರೆ ಬಾಯಲ್ಲಿ ಹಾಕಿಕೊಳ್ಳಬೇಕು ಅನ್ನಿಸುತ್ತಿತ್ತು. ಒಮ್ಮೆ ಹಾಕಿಕೊಂಡೂ ಇದ್ದೆ, ಅದು ಬೇರೆ ಮಾತು.

ಅಪ್ಪ ಪಿಸ್ತೂಲನ್ನು ಒಂದು ಮನೆಯ ಹಾಗೆ ವಿವರಿಸುತ್ತಿದ್ದ. ಹಿಡಿಕೆಯೊಳಗೆ ಕೂರುವ ಗುಂಡಿನ ಡಬ್ಬಿ ಎಂದರೆ ಕಾಳಿನ ಕಣಜ. ನಳಿಗೆಯ ಬುಡದಲ್ಲಿ ಒಂದೇ ಗುಂಡು ಹಿಡಿಯುವ ಜಾಗ ಒಳಖೋಲಿ. ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವುದು ಬಾಗಿಲು. ಬಾಗಿಲು ಹಿಂದಕ್ಕೆ ಎಳೆದು ಬಿಟ್ಟರೆ ಕಣಜದಿಂದ ಒಂದು ಗುಂಡು ಮೇಲೆದ್ದು ಒಳಖೋಲಿಗೆ ಹೋಗಿ ಕೂರುತ್ತದೆ. ತುಂಬುವುದೆಂದರೆ ಇಷ್ಟೇ. ಅದನ್ನು ಎರಡು ನಿಮಿಷದಲ್ಲಿ ಕಲಿಸಿದ. ಖಾಲಿ ಮಾಡುವುದನ್ನು ಎಂಟು ದಿನ ಕಲಿಸಿದ.

“ಮೊದಲ ಏನ್ ತಗೀಬೇಕು?”

“ಬಾಗಲಾ ಎಳೀಬೇಕು.”

“ಏಳು. ಹೋಗು. ಎಮ್ಮಿ ಕಾಯಿ ಹೋಗು.”

ತಪ್ಪು ಉತ್ತರಕ್ಕೆ ಇದೇ ಶಿಕ್ಷೆ. ಮರುದಿನ ಮತ್ತೆ ಕೂರಿಸಿ ತಾನೇ ಮಾಡಿ ತೋರಿಸಿದ. ನಳಿಗೆ ಉಸುಕಿನ ಕಡೆ, ಬೆರಳು ಗುಂಡು ಹಾರಿಸಲು ಒತ್ತುವ ಕುದುರೆಯಿಂದ ದೂರ. ಮೊದಲು ಡಬ್ಬಿ ಹೊರಗೆ ಬರಬೇಕು. ಆಮೇಲೆ ಬಾಗಿಲು ಎಳೆಯಬೇಕು, ಒಳಖೋಲಿಯಲ್ಲಿ ಉಳಿದ ಗುಂಡು ಹಾರಿ ಹೊರಗೆ ಬೀಳುತ್ತದೆ. ಬಾಗಿಲನ್ನು ಹಿಂದಕ್ಕೆ ಸಿಕ್ಕಿಸಿ ಕಣ್ಣಿನಿಂದ ನೋಡಬೇಕು. ಕಣ್ಣನ್ನೂ ನಂಬದೆ ಕಿರುಬೆರಳು ಹಾಕಿ ನೋಡಬೇಕು.

“ಬಾಗಲಾ ಮೊದಲ ಎಳದ್ರ ಏನಾಗತೈತಿ ಹೇಳು? ಡಬ್ಬ್ಯಾಗಿಂದು ಒಳಖೋಲಿಗೆ ಹೋಗಿ ಕುಂದ್ರತೈತಿ. ಆಮ್ಯಾಲ ಡಬ್ಬಿ ತಗದು ಖಾಲಿ ಐತಿ ಅಂತ ನಗಕೋತ ಕುಂದ್ರತಿ. ಸಾಯವ್ರೆಲ್ಲಾ ಖಾಲಿ ಪಿಸ್ತೂಲಿಂದನ ಸಾಯತಾರ.”

ಇನ್ನೊಂದು ನಿಯಮವಿತ್ತು. ಅದನ್ನು ಮಾತ್ರ ಅಪ್ಪ ನಗುತ್ತ ಹೇಳುತ್ತಿರಲಿಲ್ಲ.

“ಕೊಡಾವ ನೋಡಿ ಕೊಡಬೇಕು, ತಗೊಳ್ಳಾವ ನೋಡಿ ತಗೋಬೇಕು. ಅವ ನೋಡ್ಯಾನಂತ ನೀ ಬಿಡಬ್ಯಾಡ. ನಿಮ್ಮಪ್ಪ ನೋಡ್ಯಾನಂದ್ರೂ ಬಿಡಬ್ಯಾಡ.”

“ನಿನ್ನ ಮ್ಯಾಲ ಸಂಶೇ ಪಟ್ಟಂಗ ಆಗೂದಿಲ್ಲೇನಪಾ?”

“ಪಡು. ಪಿಸ್ತೂಲಿಗೆ ಯಾರ ಮಾನಾನೂ ಗೊತ್ತಿಲ್ಲ.”

ಹೀಗೆ ಕಲಿತದ್ದು ಮೈಗಂಟಿತು. ಕಿತ್ತೂರಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಮಕ್ಕಳನ್ನು ಕೋಟೆ ತೋರಿಸಲು ಕರೆದುಕೊಂಡು ಹೋಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಬಂದೂಕುಗಳಿದ್ದವು. “ಒಳಗ ಖಾಲಿ ಅದಾವೇನ್ರಿ?” ಎಂದು ಕಾವಲಿನವನನ್ನು ಕೇಳಿದೆ. “ಟೀಚರ, ಅವು ನಮ್ಮಜ್ಜನಕಿಂತ ಹಳೇವದಾವ್ರಿ,” ಎಂದ. “ಹಳೇವಾದ್ರ ಖಾಲಿ ಇರಬೇಕಂತ ಎಲ್ಲೈತ್ರಿ?” ಎಂದೆ. ಅಂದಿನಿಂದ ಹುಡುಗರು ನನಗೆ ಖಾಲಿ ಟೀಚರ್ ಎಂದು ಹೆಸರಿಟ್ಟರು. ನಾನು ಬೈಲಹೊಂಗಲಕ್ಕೆ ವರ್ಗವಾಗಿ ಬಂದರೂ ಆ ಹೆಸರು ನನಗಿಂತ ಮುಂಚಿನ ಬಸ್ಸಿಗೇ ಬಂದಿತ್ತು.

ಈಗ ಅವ್ವನ ಮಾತಿಗೆ ಬರುತ್ತೇನೆ. ಅಪ್ಪನಿಗೆ ಖಾಲಿ ಇರಬೇಕು, ಅವ್ವನಿಗೆ ಯಾವುದೂ ಖಾಲಿ ಇರಬಾರದು. ಪಕ್ಕದ ಮನೆಯವರು ಮೊಸರು ಕೊಟ್ಟ ಬಟ್ಟಲನ್ನು ನಾಲ್ಕು ಕಾಳು ಸಕ್ಕರೆಯಾದರೂ ಹಾಕದೆ ತಿರುಗಿ ಕೊಟ್ಟವಳಲ್ಲ. ಮನೆಗೆ ಬಂದ ಹೆಣ್ಣುಮಕ್ಕಳನ್ನು ಉಡಿ ತುಂಬದೆ ಕಳಿಸಿದವಳಲ್ಲ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ ಬಿದ್ದ ಮೇಲೆಯೇ ಅವರು ಹೊಸ್ತಿಲು ದಾಟಬೇಕು. ಮಹಾನವಮಿಯ ದಿನ ಆಯುಧಗಳಿಗೆ ಖಂಡೇಪೂಜೆ ಆಗುತ್ತದಲ್ಲ, ಆಗ ಕುಡಗೋಲು, ಕೊಡಲಿ, ಬಿತ್ತುವ ಕುರಿಗಿ, ಹೊಲಿಗೆ ಯಂತ್ರದ ಜೊತೆ ಪಿಸ್ತೂಲೂ ಜಗಲಿಯ ಮೇಲೆ ಬರುತ್ತಿತ್ತು. ಅವ್ವ ಈ ಮನೆಗೆ ಬಂದ ಮೊದಲ ವರ್ಷವೇ ತಕರಾರು ತೆಗೆದಳಂತೆ.

“ಬರಿದ ಹೊಟ್ಟಿಲೆ ಪೂಜಿ ಮಾಡಬಾರದ್ರಿ. ಒಂದ ಕಾಳರೆ ಅದರ ಉಡ್ಯಾಗ ಹಾಕ್ರಿ.”

“ಉಡಿ ತುಂಬಾಕ ಅದೇನ ಹೆಣಮಗಳೇನು?”

“ನಿಮ್ಮಪ್ಪಾರು ಆರಿಸಿ ತಂದದ್ದರಿ. ನನಕಿಂತ ಮೊದಲ ಈ ಮನಿಗೆ ಬಂದೈತಿ. ಹಿರೇ ಸೊಸಿ ಅನ್ರಿ.”

ಅಪ್ಪ ಸೋತ. ಆದರೆ ನಿಜವಾದ ಗುಂಡು ಹಾಕಲು ಒಪ್ಪಲಿಲ್ಲ. ಕಟ್ಟಿಗೆಯ ಗುಂಡುಗಳು ಹುಟ್ಟಿದ್ದು ಮೊದಲು ಅದಕ್ಕಾಗಿ, ನಮ್ಮ ಪಾಠಕ್ಕೆ ಬಳಸಿದ್ದು ಆಮೇಲೆ. ನವಮಿಯ ದಿನ ಅವ್ವ ಒಂದು ಕೆಂಪು ಗುಂಡಿಗೆ ಅರಿಷಿಣ ಕುಂಕುಮ ಹಚ್ಚಿ ಕೊಡುವುದು, ಅಪ್ಪ ಅದನ್ನು ಡಬ್ಬಿಯಲ್ಲಿ ಹಾಕಿ ಡಬ್ಬಿಯನ್ನು ಹಿಡಿಕೆಯೊಳಗೆ ಕೂರಿಸುವುದು. ಮರುದಿನ ದಶಮಿಯ ಮುಂಜಾನೆ ಬನ್ನಿ ತರಲು ಹೊರಡುವ ಮುನ್ನ ಅದನ್ನು ತೆಗೆಯುವುದು. ಆಗ ಅವ್ವ ತಟ್ಟೆ ಹಿಡಿದು ಎದುರಿಗೆ ನಿಂತಿರುತ್ತಿದ್ದಳು. “ಮೊದಲ ನನ್ನ ಕಾಳು ನನಗ ಕೊಡ್ರಿ,” ಎನ್ನುತ್ತಿದ್ದಳು. ಅಪ್ಪ ಡಬ್ಬಿ ಎಳೆದು ಗುಂಡನ್ನು ಅವಳ ತಟ್ಟೆಗೆ ಹಾಕಿ, ಆಮೇಲೆ ಬಾಗಿಲು ಎಳೆದು, ನೋಡಿ, ಬೆರಳು ಹಾಕಿ, ಪಿಸ್ತೂಲನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸುತ್ತಿದ್ದ. ಐವತ್ತು ವರ್ಷಕ್ಕೂ ಮಿಕ್ಕಿ ಹೀಗೇ ನಡೆಯಿತು.

ಕಳೆದ ಬೇಸಿಗೆಯಲ್ಲಿ ಅವ್ವ ಹೋದಳು. ಹೋಗುವಾಗ ಯಾರಿಗೂ ತ್ರಾಸು ಕೊಡಲಿಲ್ಲ. ನಾವು ಮಾತ್ರ ಇನ್ನೂ ಅವಳ ಹೆಸರಿನಲ್ಲಿ ಒಬ್ಬರಿಗೊಬ್ಬರು ತ್ರಾಸು ಕೊಡುತ್ತಿದ್ದೇವೆ. ಹದಿಮೂರನೆಯ ದಿನ ಮುಗಿದ ಮೇಲೆ ನೆನಪಿಗೆಂದು ನಾನು ಅವಳ ಎಲೆಅಡಿಕೆಯ ಚಂಚಿ ತೆಗೆದುಕೊಂಡು ಬಂದೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ನಾಲ್ಕು ಮಡಿಕೆಯ ಬಟ್ಟೆಯ ಚೀಲ. ಬೈಲಹೊಂಗಲದ ಮನೆಯಲ್ಲಿ ನನ್ನ ಕಪಾಟಿನಲ್ಲಿ ಸೀರೆಗಳ ನಡುವೆ ಇಟ್ಟೆ. ಬಿಚ್ಚಿದರೆ ಅವಳ ವಾಸನೆ ಹೋಗಿಬಿಡುತ್ತದೆ ಎಂಬ ಹೆದರಿಕೆ. ಊರಿನ ಡಬ್ಬಿಗಳಿಗೆಲ್ಲ ಬೆರಳು ಹಾಕುವ ನಾನು ಆ ಒಂದು ಚಂಚಿಗೆ ಹಾಕಲಿಲ್ಲ.

ದಸರೆ ಮುಗಿದು ಹದಿನೈದು ದಿನಕ್ಕೆ ಬಸುವಿನ ಫೋನು ಬಂತು.

“ಅಕ್ಕಾ, ಅಪ್ಪಂದು ತಲಿ ಯಾಕೋ ಸರಿ ಇಲ್ಲ. ಏನೋ ಹುಡಕಾಕ ಹತ್ತ್ಯಾನ. ಏನಂತ ಹೇಳೂದಿಲ್ಲ.”

“ಎಲ್ಲಿ ಹುಡಕತಾನ?”

“ಎಲ್ಲಾ ಕಡೆ. ಹಾಸಿಗಿ ಝಾಡಸತಾನ, ಜ್ವಾಳದ ಚೀಲಾ ಬಿಚ್ಚಿ ಕೈಯಾಡಸತಾನ. ನಿನ್ನೆ ಉಸುಕಿನ ಬುಟ್ಟಿ ಸುರವಿ ಸಾಣಿಗೀಲೆ ಸೋಸ್ಯಾನ. ಏನ್ ಬೇಕಪಾ ಅಂದ್ರ, ಏನಿಲ್ಲ ಅಂತಾನ.”

ಅಪ್ಪನಿಗೆ ಎಂಬತ್ತು ದಾಟಿತ್ತು, ಕಣ್ಣಿಗೆ ಪೊರೆ ಬಂದಿತ್ತು. ನಮಗೆಲ್ಲ ಒಂದೇ ಯೋಚನೆ. ಸವದತ್ತಿಯ ಡಾಕ್ಟರರೂ ವಯಸ್ಸು ಎಂದು ತಲೆಯಾಡಿಸಿದರು. ಅಲ್ಲಿಂದ ಮುಂದೆ ಮನೆಯವರೆಲ್ಲ ಅಪ್ಪನ ಹಿಂದೆ ಬಿದ್ದರು. ಚಹಾ ಕಾಯಿಸಿದರೆ ಬಸುವಿನ ಹೆಂಡತಿ ಶಾಂತಾ ಹೋಗಿ ಗ್ಯಾಸ್ ನೋಡುವಳು. ಬಾಗಿಲು ಹಾಕಿದರೆ ಬಸು ಹೋಗಿ ಚಿಲಕ ನೋಡುವನು. ತಿಂಗಳಿಗೆ ಎರಡು ಸಲ ಹೋಗುತ್ತಿದ್ದ ನಾನು, ಅಪ್ಪ ಸ್ನಾನಕ್ಕೆ ಹೋದಾಗ ಅವನ ಗುಳಿಗೆಯ ಡಬ್ಬಿ ತೆರೆದು ಎಣಿಸುವೆ. ಎಲ್ಲ ಕದ್ದುಮುಚ್ಚಿ. ಕಣ್ಣು ಮಂಜಾದವನಿಗೆ ಕಿವಿ ಚುರುಕಾಗಿರುತ್ತದೆ ಎಂದು ನಮಗೆ ಹೊಳೆಯಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ಅಪ್ಪ ಅಂದ, “ನಾ ಏನ್ ಕಳ್ಳೇನೋ, ನನ್ನ ಹಿಂದ ಇಷ್ಟ ಮಂದಿ ಅಡ್ಡ್ಯಾಡಾಕ?” ಅಂದು ರೊಟ್ಟಿ ಬಿಟ್ಟು ಎದ್ದ. ಅಪ್ಪನ ಬುದ್ಧಿ ಹೋಗುತ್ತಿದೆಯೇ ಎಂಬ ಹೆದರಿಕೆ ಒಂದು ಕಡೆ, ಹೋಗದೇ ಇದ್ದರೆ ನಾವು ಮಾಡುತ್ತಿರುವುದು ಎಂಥ ಅವಮಾನ ಎಂಬುದು ಇನ್ನೊಂದು ಕಡೆ.

ಅಷ್ಟರಲ್ಲಿ ಎಲೆಕ್ಷನ್ ಬಂತು. ಎಲೆಕ್ಷನ್ ಬಂತೆಂದರೆ ಲೈಸನ್ಸಿನ ಹತಾರಗಳನ್ನೆಲ್ಲ ಠಾಣೆಗೆ ಕೊಟ್ಟು ರಸೀದಿ ತರಬೇಕು, ಮುಗಿದ ಮೇಲೆ ತಿರುಗಿ ತರಬೇಕು. ನಮ್ಮ ಪಿಸ್ತೂಲು ಎಷ್ಟು ಎಲೆಕ್ಷನ್ ಕಂಡಿದೆಯೋ ಅಷ್ಟನ್ನು ನಮ್ಮ ಶಾಸಕರೂ ಕಂಡಿರಲಿಕ್ಕಿಲ್ಲ. ಠಾಣೆಯಿಂದ ಫೋನು ಬಂದ ಮರುದಿನ ನಾನು ಕಟಕೋಳಕ್ಕೆ ಹೋದೆ.

ಅಪ್ಪ ವಿಭೂತಿ ಹಚ್ಚಿ, ತಲೆಗೆ ಪಟಕಾ ಸುತ್ತಿ ತಯಾರಾಗಿದ್ದ. ಟ್ರಂಕಿನಿಂದ ಪಿಸ್ತೂಲು ತೆಗೆದು ನನ್ನ ಕಡೆ ಚಾಚಿದ.

“ಖಾಲಿ ಐತಿ. ತಗೊ, ಸುತ್ತು.”

ಕೈ ತಾನಾಗಿಯೇ ಡಬ್ಬಿಯ ಕೊಕ್ಕೆಗೆ ಹೋಯಿತು. ಅಲ್ಲೇ ನಿಂತಿತು. ಗ್ಯಾಸ್ ನೋಡಿದ್ದೇವೆ, ಚಿಲಕ ನೋಡಿದ್ದೇವೆ, ಗುಳಿಗೆ ಎಣಿಸಿದ್ದೇವೆ. ಇದೊಂದನ್ನಾದರೂ ಅವನ ಮಾತಿನ ಮೇಲೆ ಬಿಡೋಣ, ಪಿಸ್ತೂಲಿನ ವಿಷಯದಲ್ಲಿ ಅಪ್ಪ ಜನ್ಮದಲ್ಲಿ ತಪ್ಪಿದವನಲ್ಲ ಅಂದುಕೊಂಡೆ. ಡಬ್ಬಿ ತೆಗೆಯಲಿಲ್ಲ, ಬಾಗಿಲು ಎಳೆಯಲಿಲ್ಲ. ಹಾಗೆಯೇ ಎಣ್ಣೆಬಟ್ಟೆಯಲ್ಲಿ ಸುತ್ತಿ ಕೌದಿಯ ಚೀಲದಲ್ಲಿ ಹಾಕಿ ಕೊಟ್ಟೆ. ಅಪ್ಪನಿಗೆ ಮರ್ಯಾದೆ ಕೊಟ್ಟೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಕಾರು ನಡೆಸಿದ್ದು ಬಸು. ಪಕ್ಕದ ಸೀಟಿನಲ್ಲಿ ಅಪ್ಪ, ತೊಡೆಯ ಮೇಲೆ ಚೀಲ, ಚೀಲದ ಜೊತೆ ಗುಂಡುಗಳ ರಟ್ಟಿನ ಪೆಟ್ಟಿಗೆ. ಹಿಂದೆ ನಾನು. ದಾರಿಯುದ್ದಕ್ಕೂ ಅಪ್ಪ ರಟ್ಟಿನ ಪೆಟ್ಟಿಗೆಯ ಮೇಲೆ ಬೆರಳು ಬಡಿಯುತ್ತ ಕುಳಿತಿದ್ದ. ಚೀಲದೊಳಗಿನ ನಳಿಗೆ ಯಾರ ಪಕ್ಕೆಗೆ ಮುಖ ಮಾಡಿತ್ತು ಎಂಬುದನ್ನು ನಾನು ಬಸುವಿಗೆ ಈವರೆಗೂ ಹೇಳಿಲ್ಲ. ಇದನ್ನು ಅವನು ಓದಲಿಕ್ಕಿಲ್ಲ, ಅವನು ಓದುವುದು ಪಂಪ್‌ಸೆಟ್ಟಿನ ಕ್ಯಾಟಲಾಗು ಮಾತ್ರ.

ಠಾಣೆಯಲ್ಲಿ ಹತಾರ ತೆಗೆದುಕೊಳ್ಳಲು ಕುಳಿತಿದ್ದ ಹವಾಲ್ದಾರರು ದಪ್ಪ ಮೈಯ, ನಗುಮೊಗದ ಮನುಷ್ಯ. ಎದ್ದು ನಿಂತು ಅಪ್ಪನಿಗೆ ಕುರ್ಚಿ ಕೊಟ್ಟರು.

“ಬರ್ರಿ ಗೌಡ್ರ, ಕುಂಡ್ರಿ. ಅರಾಮ ಅದೀರಿ? ಪಿಸ್ತೂಲು ತಂದೀರಲ್ಲ, ಖಾಲಿ ಮಾಡಿ ತೋರಸ್ರಿ. ಆಮ್ಯಾಲ ಗುಂಡು ಎಣಸೂಣು.”

ಎಣಿಸುವ ಮಾತು ಬಂದಾಗ ಅಪ್ಪನ ಮುಖ ಸಣ್ಣದಾಯಿತು. ಆದರೆ ಅವನು ನನ್ನ ಕಡೆ ತಿರುಗಿ ಕೇಳಿದ್ದು ಬೇರೆ.

“ಗಂಗಾ, ನನ್ನ ಕಡಿಂದ ತಗೊಳ್ಳುಮುಂದ ನೀ ನೋಡಿ ತಗೊಂಡ್ಯಲ್ಲ?”

“ಹೂಂ.”

“ಸುಳ್ಳ. ಬಾಗಲಾ ಎಳದ ಸಪ್ಪಳ ನನಗ ಕೇಳಿಸಿಲ್ಲ.”

ನಾನು ಸೆರಗಿನ ತುದಿ ತಿರುವುತ್ತ ನಿಂತೆ. ಅರವತ್ತರ ಹತ್ತಿರ ಬಂದವಳು, ಪೊಲೀಸರ ಎದುರಿಗೆ, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯ ಹಾಗೆ.

“ಯಾಕ ನೋಡಲಿಲ್ಲ?”

“ನಿನಗ ಬ್ಯಾಸರ ಆಗತೈತಂತ ಬಿಟ್ಟೆ ಅಪಾ. ಮೊದಲಽ ನಾವೆಲ್ಲಾ ನಿನ್ನ ಹಿಂದ...”

“ಗ್ಯಾಸ್ ನೋಡತೀರಿ, ಚಿಲಕಾ ನೋಡತೀರಿ, ಗುಳಿಗಿ ಎಣಸತೀರಿ. ನೋಡಬೇಕಾದ್ದು ನೋಡೂದಿಲ್ಲ. ಅಷ್ಟ ಮುದುಕ ಆದೇನ ನಾ, ಕನಿಕರ ಮಾಡಾಕ? ತಗೀ. ಈಗ ನೋಡು.”

ಮೂಲೆಯಲ್ಲಿ ಬೆಂಕಿ ಆರಿಸುವ ಕೆಂಪು ಬಕೀಟಿನಲ್ಲಿ ಉಸುಕು ಇತ್ತು. ಅದರ ಮುಂದೆ ಹೋಗಿ ನಳಿಗೆ ಉಸುಕಿನ ಕಡೆ ಮಾಡಿ ನಿಂತೆ. ಬೆರಳು ಕುದುರೆಯಿಂದ ದೂರ. ಡಬ್ಬಿ ಹೊರಗೆ ತೆಗೆದೆ, ಖಾಲಿ ಇತ್ತು. ಬಾಗಿಲು ಎಳೆದೆ.

ಟಣ್ ಎಂದು ಏನೋ ಹಾರಿತು. ಫರಸಿಯ ಮೇಲೆ ಬಿದ್ದು ಉರುಳಿ ಉರುಳಿ ಬೆಂಚಿನ ಕೆಳಗೆ ಹೋಗಿ ನಿಂತಿತು. ಹಿತ್ತಾಳೆಯ ಗುಂಡು. ನಿಜವಾದದ್ದು.

ಹವಾಲ್ದಾರರ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಬಸು ಗೋಡೆ ಹಿಡಿದುಕೊಂಡ. ಇಷ್ಟು ಹೊತ್ತು ಕಾರಿನಲ್ಲಿ, ಆ ತಗ್ಗುಗುಂಡಿಗಳ ರಸ್ತೆಯಲ್ಲಿ, ಇದು ಒಳಖೋಲಿಯಲ್ಲಿ ಕುಳಿತಿತ್ತು. ಅಪ್ಪನ ಕಡೆ ನೋಡಲು ಧೈರ್ಯವಾಗಲಿಲ್ಲ. ಆದರೂ ನೋಡಿದೆ.

ಅಪ್ಪನ ಮುಖ ಅರಳಿತ್ತು.

“ಸಿಕ್ತು!” ಎಂದ. “ಸಿಕ್ತಲ್ಲೋ ಬಸ್ಯಾ! ಮೂರ ತಿಂಗಳಾತು ಹುಡಕಾಕ ಹತ್ತಿ. ಪೆಟ್ಟಿಗ್ಯಾಗ ಒಂದ ಗುಂಡು ಕಡಿಮಿ ಐತಿ. ನನಗ ಹುಚ್ಚ ಹಿಡೀತಂತ ತಿಳಕೊಂಡಿದ್ದೆ.”

ಆ ಸಂತೋಷ ಒಂದು ಗಳಿಗೆಯದು. ಆಮೇಲೆ ಗುಂಡು ಎಲ್ಲಿಂದ ಬಂತು ಎಂಬುದು ಅವನಿಗೆ ತಲೆಗೆ ಹೋಯಿತು. ಕುರ್ಚಿಯ ಕೈ ಹಿಡಿದುಕೊಂಡ. ಹವಾಲ್ದಾರರು ನೀರು ತರಿಸಿ ಕೊಟ್ಟರು. ಅರ್ಧ ಗ್ಲಾಸು ಕುಡಿದು, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು, ಅಪ್ಪ ನಿಧಾನವಾಗಿ ಹೇಳಿದ.

“ನವಮಿ ದಿನ ನಿಮ್ಮವ್ವನ ಕಟಿಗಿ ಗುಂಡು ಹುಡಕೀದೆ, ಸಿಗಲಿಲ್ಲ. ನಾನಽ ಎಲ್ಲೋ ಕಳದೇನಿ ಅಂತ ಯಾರಿಗೂ ಹೇಳಲಿಲ್ಲ. ಆಕಿ ಹ್ವಾದ ವರ್ಷನ ಬರಿದ ಉಡ್ಯಾಗ ಪೂಜಿ ಮಾಡಾಕ ಮನಸ್ಸ ಬರಲಿಲ್ಲ. ಖರೇ ಗುಂಡ ಹಾಕೀದೆ. ನಾಳಿ ತಗದ್ರಾತು ಅಂದಕೊಂಡೆ.”

“ತಗದಿಯೇನಪಾ?”

“ತಗೀಲಿಕ್ಕೆ ಹ್ವಾದೆ. ಬಾಗಲಾ ಎಳದೆ, ಆಮ್ಯಾಲ ಡಬ್ಬಿ ತಗದೆ. ಡಬ್ಬಿ ಖಾಲಿ. ಬಾಗಲಾ ಎಳದಾಗೇತಲ್ಲ, ಒಳಗೂ ಖಾಲಿನ ಅಂದಕೊಂಡೆ. ನವಮಿ ರಾತ್ರೀನ ತಗದು ಎಲ್ಲೋ ಇಟ್ಟಿರಬೇಕಂತ ಹುಡಕಾಕ ಹತ್ತೀದೆ.” ಗ್ಲಾಸು ಕೆಳಗಿಟ್ಟು ಮತ್ತೆ ಅಂದ, “ಎದರಿಗೆ ಯಾರೂ ನಿಂತಿರಲಿಲ್ಲವ್ವಾ. ಯಾರೂ ಮೊದಲ ನನ್ನ ಕಾಳು ಕೊಡ್ರಿ ಅನಲಿಲ್ಲ.”

ಎಂಟು ದಿನ ಎಮ್ಮೆ ಕಾಯಿಸಿ ನನಗೆ ಕಲಿಸಿದ ಕ್ರಮ. ಅದನ್ನು ಅಪ್ಪನೇ ಉಲ್ಟಾ ಮಾಡಿದ್ದ. ಅಷ್ಟು ವರ್ಷ ಆ ಕ್ರಮವನ್ನು ಕಾಯ್ದದ್ದು ಅಪ್ಪನ ನೆನಪಲ್ಲ, ತಟ್ಟೆ ಹಿಡಿದು ನಿಂತ ಅವ್ವನ ಅವಸರ. ನನಗೆ ಅಳು ಬಂತು. ಠಾಣೆಯಲ್ಲಿ ಅಳುವುದು ಬೇಡವೆಂದು ಪಿಸ್ತೂಲಿನ ಬಾಗಿಲನ್ನು ಹಿಂದಕ್ಕೆ ಸಿಕ್ಕಿಸಿ ಒಳಖೋಲಿ ನೋಡಿದೆ, ಕಿರುಬೆರಳು ಹಾಕಿದೆ. ತಣ್ಣಗಿನ ಕಬ್ಬಿಣ, ಎಣ್ಣೆ, ಮತ್ತೇನಿಲ್ಲ. ಅಪ್ಪನ ಕೈಗೆ ಕೊಟ್ಟೆ. ಅವನೂ ಕಿರುಬೆರಳು ಹಾಕಿ ನೋಡಿದ. “ಈಗ ಖಾಲಿ,” ಎಂದು ಹವಾಲ್ದಾರರಿಗೆ ಕೊಟ್ಟ. “ತಗೊಳ್ಳಾವ ನೋಡಿ ತಗೋಬೇಕ್ರಿ ಸಾಹೇಬ್ರ.” ಅವರ ಬೆರಳು ದಪ್ಪ, ಒಳಗೆ ಹೋಗಲಿಲ್ಲ. ಪೆನ್ಸಿಲು ಹಾಕಿ ನೋಡಿ ರಸೀದಿ ಬರೆದರು. ಬೆಂಚಿನ ಕೆಳಗೆ ಮೊಣಕಾಲೂರಿ ಗುಂಡನ್ನು ಹೆಕ್ಕಿ ತಂದವರೂ ಅವರೇ. ಪೆಟ್ಟಿಗೆಯೊಳಗೆ ಸೇರಿಸಿ ಎಣಿಸಿದರು, ಲೆಕ್ಕ ಸರಿಯಾಯಿತು. “ಗೌಡ್ರ, ಇವತ್ತ ನಿಮ್ಮ ಮನಿದೇವರು ದೊಡ್ಡಂವ,” ಎಂದಷ್ಟೇ ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಸಂಜೆ ಬೈಲಹೊಂಗಲಕ್ಕೆ ಬಂದವಳೇ ಚಪ್ಪಲಿ ಕೂಡ ಬಿಡದೆ ಕಪಾಟು ತೆಗೆದು ಅವ್ವನ ಚಂಚಿ ಬಿಚ್ಚಿದೆ. ಮೊದಲ ಮಡಿಕೆಯಲ್ಲಿ ಒಣಗಿದ ಎಲೆ, ಎರಡನೆಯದರಲ್ಲಿ ಅಡಿಕೆ, ಮೂರನೆಯದರಲ್ಲಿ ಸುಣ್ಣದ ಡಬ್ಬಿ. ನಾಲ್ಕನೆಯದರೊಳಗೆ ಕಿರುಬೆರಳು ಹಾಕಿದೆ. ಉರುಟಾಗಿ ನುಣ್ಣಗೆ ಮೂರು ಸಿಕ್ಕವು. ಕೆಂಪು ಬಣ್ಣದ ಮೇಲೆ ಹಳೆಯ ಅರಿಷಿಣ ಇನ್ನೂ ಅಂಟಿಕೊಂಡಿತ್ತು. ಅಲ್ಲೇ ನೆಲದ ಮೇಲೆ ಕುಳಿತು ಚೆನ್ನಾಗಿ ಅತ್ತೆ. ಅಪ್ಪ ಕಳೆದಿರಲಿಲ್ಲ. ನಾನು ಹೊತ್ತು ತಂದಿದ್ದೆ.

ಮುಂದಿನ ವಾರ ಅವನ್ನು ಒಯ್ದು ಅಪ್ಪನ ಕೈಯಲ್ಲಿ ಇಟ್ಟು, ತಪ್ಪು ನನ್ನದು ಎಂದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಒಂದೊಂದನ್ನೇ ಬೆರಳಿನಿಂದ ಸವರಿ ನೋಡಿ ಅಂಗಿಯ ಕಿಸೆಯಲ್ಲಿ ಹಾಕಿಕೊಂಡ. “ನಿನ್ನ ಕಡೆ ಇದ್ದೂವು. ಹಂಗಾರ ನನ್ನ ತಲಿ ಇನ್ನೂ ಪೂರಾ ಹೋಗಿಲ್ಲ,” ಎಂದ. ಎಲೆಕ್ಷನ್ ಮುಗಿದು ಯಾರು ಗೆಲ್ಲಬೇಕೋ ಅವರು ಗೆದ್ದರು. ಪಿಸ್ತೂಲು ತಿರುಗಿ ತರಲು ಅಪ್ಪ ಹೋಗಲಿಲ್ಲ. ಲೈಸನ್ಸ್ ಬಿಟ್ಟುಕೊಡುವ ಅರ್ಜಿ ಬರೆಸಿ ಅದಕ್ಕೆ ಸಹಿ ಮಾಡಿದ. ನಡೆಯದ ಗಡಿಯಾರ ಮಾತ್ರ ಸಾಕು ಎಂದ.

ಮೊನ್ನೆ ಹೋದಾಗ ಅಪ್ಪ ಸ್ನಾನಕ್ಕೆ ಹೋಗುವುದನ್ನೇ ನಾನು ಕಾಯುತ್ತಿದ್ದೆ, ಗುಳಿಗೆಯ ಡಬ್ಬಿ ನೋಡಲು. ಅಪ್ಪ ಹೋಗಲಿಲ್ಲ. ಡಬ್ಬಿಯನ್ನು ತಾನೇ ತಂದು ನನ್ನ ಎದುರಿಗೆ ಕುಳಿತ, ಮುಂಜಾನೆಯ ಖಾನೆಯ ಮುಚ್ಚಳ ತೆರೆದು ಚಾಚಿದ.

“ನುಂಗೇನಿ. ಕಿರಿಬಟ್ಟ ಹಾಕಿ ನೋಡು.”

“ಇರಲಿ ಬಿಡಪಾ, ನೀ ನುಂಗಿದ್ರ ಆತು.”

“ನೋಡು ಅಂದ್ನೆಲ್ಲ.”

ಕಿರುಬೆರಳು ಹಾಕಿದೆ. ಮೂಲೆಯಲ್ಲಿ ಒಂದು ಸಣ್ಣ ಬಿಳಿ ಗುಳಿಗೆ ಉಳಿದಿತ್ತು. ತೆಗೆದು ಅವನ ಅಂಗೈಯಲ್ಲಿ ಇಟ್ಟೆ.

“ಸಿಕ್ತೇನು?” ಎಂದ ಅಪ್ಪ.

“ಸಿಕ್ತು.”

“ನೀರು ತಾ.”